ಕಾಲಂ ಹನ್ನೊಂದು

ವಾಡಿ ಜಂಕ್ಷನ್ನಿನಲ್ಲಿ ಇಳಿದಾಗ
ಬೇವಿನೆಲೆಯ ಮೇಲೂ ಸಿಮೆಂಟಿನ ಹಿಟ್ಟು.
ಚೀಲದಲ್ಲಿ ನಲವತ್ತು ನಮೂನೆ, ಒಂದು ರೆಕಾರ್ಡರು,
ಗೈಡು ಹೇಳಿಕೊಟ್ಟ ಬುದ್ಧಿ:
ನಡುವೆ ಬಾಯಿ ಹಾಕಬೇಡ, ಅವರು ಹೇಳಲಿ.

ಮನೆ ನಂಬರ್ ಹದಿನೇಳು. ಲಾಲಮ್ಮ. ವಯಸ್ಸು?
'ರಜಾಕಾರರ ಗದ್ದಲದಾಗ ನಮ್ಮವ್ವನ ಹೊಟ್ಟ್ಯಾಗಿದ್ದೆ,
ಲೆಕ್ಕ ನೀನೇ ಹಾಕು.'
ಗ್ಯಾಸ್ ಇದೆ, ಅದರ ಮೇಲೆ ಮೊಮ್ಮಗಳ ಪುಸ್ತಕಗಳಿವೆ.
ಅಜ್ಜಿ ಕಟ್ಟಿಗೆಯ ಒಲೆಯ ಮುಂದೆ.

ಹಿಂದಿನ ಮುಖ್ಯ ಆಹಾರ ಯಾವುದು, ಕೇಳಿದೆ.
ತಟ್ಟಿದಳು.
ಅಂಗೈಯಷ್ಟಿದ್ದ ಹಿಟ್ಟು ಪರಾತದಂಚು ಮುಟ್ಟುವ ತನಕ
ಮಾತಿಲ್ಲ, ಬರೀ ತಟ್ ತಟ್ ತಟ್.
ಇವತ್ತು ಬರೆದಿಳಿಸಲು ಕೂತರೆ
ಪ್ರತಿ ಉತ್ತರದ ಮೊದಲೂ ಅದೇ ಸದ್ದು.
'ಮೌನ' ಎಂದು ಬರೆದೆ, ಹೊಡೆದು ಹಾಕಿದೆ.

'ಜ್ವಾಳ. ಜ್ವಾಳ ಇಲ್ದಾಗ ಸಜ್ಜಿ.
ಸಜ್ಜಿ ಇಲ್ದಾಗ ಬದುವಿನ ಸೊಪ್ಪು,
ಅದೂ ಇಲ್ದಾಗ... ಮುಂದಿಂದು ಕೇಳು.'
ಪುಂಡಿಪಲ್ಯಕ್ಕೆ ನುಚ್ಚು ಎಷ್ಟು,
ಶೇಂಗಾ ಹಿಂಡಿಗೆ ಒರಳೇ ಯಾಕೆ ಬೇಕು,
ಊರೆಲ್ಲ ಜೋಳ ಬಿಟ್ಟು ತೊಗರಿ ಬಿತ್ತಿದ್ದು ಯಾವಾಗ,
ನಾಲ್ಕು ಪುಟ ತುಂಬಿದವು.
ಸೊಸೈಟಿ ಅಕ್ಕಿಯ ಬಗ್ಗೆ ಒಂದೇ ಮಾತು:
'ಅನ್ನಕ್ಕ ಹೊಟ್ಟಿ ತುಂಬ್ತದ, ಕೈ ತುಂಬಲ್ಲ.'
ಅದರ ಕೆಳಗೆ ಎರಡು ಗೆರೆ ಎಳೆದೆ,
ಪ್ರಬಂಧಕ್ಕೆ ಬರುತ್ತದೆ ಎಂದು.

ಮೊಮ್ಮಗಳು ಬಂದಳು, ಸ್ಟೇಷನ್ ಮುಂದಿನ ಗಾಡಿಯಿಂದ
ಗೋಬಿ ಮಂಚೂರಿ ಕಟ್ಟಿಸಿಕೊಂಡು.
'ಹೆಸರು ಸುಜಾತಾ ಅಂತ ಇಟ್ಟೀವಿ,
ಪಾಯಸ ಮಾಡ್ಲಕ ಬರಲ್ಲ ನೋಡು.'
ಬಿಸಿ ರೊಟ್ಟಿಯೊಳಗೆ ಗೋಬಿ ಸುತ್ತಿದಳು ಹುಡುಗಿ,
ಕೆಂಪೆಣ್ಣೆ ಮೊಣಕೈಗೆ ಇಳಿಯಿತು.
'ಹೊಸ ಪದ್ಧತಿ ಅಕ್ಕಾ, ಬರ್ಕೊರಿ.'
ಬರೆದುಕೊಂಡೆ.

ಕಾಲಂ ಹನ್ನೊಂದು: ಕೈಬಿಟ್ಟ ಆಹಾರ, ಕೈಬಿಟ್ಟ ಕಾರಣ.
ಲಾಲಮ್ಮನ ಕೈ ನಿಂತಿತು.
ತವೆಯ ಮೇಲೆ ರೊಟ್ಟಿ ಒಂದು ಕಡೆ ಕಪ್ಪಾಯಿತು.
'ಆ ಕೆಂಪ ದೀಪ ಆರಸು.'
ಆರಿಸಿದೆ.

ಆಮೇಲೆ ಹೇಳಿದ್ದನ್ನು ಇಲ್ಲಿಯೂ ಬರೆಯುವುದಿಲ್ಲ.
ನಡುವೆ ಒಂದು ಶಬ್ದ ಬಂತು, ಎರಡೇ ಅಕ್ಷರ,
ನಮ್ಮ ವಿಭಾಗದ ಯಾವ ನಿಘಂಟಿನಲ್ಲೂ ಇಲ್ಲ.
ನನಗೆ ಗೊತ್ತಿತ್ತು.
ಶಹಾಬಾದಿನಲ್ಲಿ ನಮ್ಮಜ್ಜಿ ಜ್ವರದಲ್ಲಿ ಅದನ್ನೇ ಬೇಡಿದಾಗ
ಅಮ್ಮ ಅವಳ ಬಾಯಿಯ ಮೇಲೆ ಕೈಯಿಟ್ಟಿದ್ದಳು,
ಕಿಟಕಿ ಹಾಕಿ ಬಂದಿದ್ದಳು.
ಕಲಬುರಗಿಯ ಬಾಡಿಗೆ ಮನೆಯಲ್ಲಿ
ಉಪ್ಪಿಟ್ಟು ಉದುರುದುರಾಗಿ ಮಾಡಲು ಕಲಿತ ಅಮ್ಮ,
ಮಾಲೀಕರೆದುರು 'ನಾವು ಮೊಟ್ಟೆನೂ ಮುಟ್ಟಲ್ಲ' ಎಂದ ಅಮ್ಮ.

'ನಿನಗ ತಿಳೀತು' ಅಂದಳು ಲಾಲಮ್ಮ.
ಪ್ರಶ್ನೆಯಲ್ಲ ಅದು.
'ಅಡ್ಡಹೆಸರು ಏನಂದಿ?'
ಅಪ್ಪ ಅಫಿಡವಿಟ್ ಮಾಡಿಸಿದ ಹೆಸರು ಹೇಳಿದೆ.
ನಕ್ಕಳು, ಹಲ್ಲಿಲ್ಲದ ಬಾಯಿ ತುಂಬ,
ಕಪ್ಪಾದ ರೊಟ್ಟಿಯನ್ನೇ ಮುರಿದು ಹಿಂಡಿ ಹಾಕಿ ಕೊಟ್ಟಳು.
'ತಿನ್ನು. ಬರಿಬ್ಯಾಡ, ತಿನ್ನು.'

ಸುಜಾತಾ ಕಿವಿಯ ವೈರು ತೆಗೆದು ಕೇಳಿದಳು,
ಅದೇನಜ್ಜಿ ಆ ಶಬ್ದ?
'ಹಸಿವಿನ ಕಾಲದ್ದು. ನಿನಗ್ಯಾಕ?'
ಒಲೆಯಿಂದ ಕೊಳ್ಳಿ ಹೊರಗೆಳೆಯುತ್ತ
ತನ್ನಷ್ಟಕ್ಕೇ ಅಂದಳು:
'ರುಚಿ ಇತ್ತು ಖರೇ.'

ಹದಿನೇಳನೆಯ ನಮೂನೆ ಖಾಲಿ ಯಾಕೆಂದು ಗೈಡು ಕೇಳಿದರು.
'ಗೊತ್ತಿಲ್ಲ' ಸುಳ್ಳು, 'ಅನ್ವಯಿಸುವುದಿಲ್ಲ' ಇನ್ನೂ ದೊಡ್ಡ ಸುಳ್ಳು.
ಆ ಚೌಕದಲ್ಲಿ ಹಿಂಡಿಯ ಎಣ್ಣೆ ಕೂತಿದೆ,
ಬೆಳಕಿಗೆ ಹಿಡಿದರೆ ಹಿಂದಿನ ಪುಟ ಕಾಣುತ್ತದೆ.

ರಾತ್ರಿ ಅಮ್ಮನ ಫೋನು: ಊಟ ಆಯ್ತಾ? ಏನು ತಿಂದೆ?
ರೊಟ್ಟಿ, ಅಂದೆ.
ಯಾರ ಮನೆಯಲ್ಲಿ?

ನನ್ನ ಕೈ ಮೇಜಿನ ಮೇಲೆ
ಮೆಲ್ಲಗೆ ತಟ್ಟುತ್ತಿತ್ತು.